ತುತ್ತಿನ ಲೆಕ್ಕ: ತಿನ್ನುವ ವೇಗವನ್ನು ಮನೆಯಲ್ಲೇ ಅಳೆಯುವುದು ಹೇಗೆ?

ಆಯಿ ಎರಡನೇ ಸಲ ಸಾರು ತರುವುದರೊಳಗೆ ನಮ್ಮ ಭಾವ ಕೈ ತೊಳೆದಾಗಿರುತ್ತದೆ. ‘ನಾನು ಜಾಸ್ತಿ ತಿನ್ನುವುದಿಲ್ಲ, ಬೇಗ ತಿನ್ನುತ್ತೇನೆ ಅಷ್ಟೆ’ ಎನ್ನುವುದು ಅವರ ವಾದ. ಬೇಗ ತಿಂದರೆ ಜಾಸ್ತಿಯೇ ಹೊಟ್ಟೆಗೆ ಹೋಗುತ್ತದಾ? ಇದನ್ನು ಅಳೆಯುವುದೇ ಕೆಲಸವಾಗಿರುವ ವಿಜ್ಞಾನಿಗಳಿದ್ದಾರೆ. ಅವರ ಪ್ರಯೋಗಾಲಯ ನಮಗೆ ಬೇಡ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮೊಬೈಲಿನ ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಸಾಕು.

ಹೆಜ್ಜೆ 1: ಗುಟ್ಟು ಬಿಡಬೇಡಿ

ಅಳೆಯುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಮನುಷ್ಯ ಬೇರೆ ಥರ ತಿನ್ನುತ್ತಾನೆ. ಮೊದಲ ದಿನ ಭಾವನ ಎದುರೇ ಮೊಬೈಲ್ ಇಟ್ಟು ಕೂತೆ. ಅವತ್ತು ಅವರು ಮದುವೆಮನೆಯ ಬೀಗರ ಹಾಗೆ ನಿಧಾನಕ್ಕೆ ಉಂಡರು! ಸಂಶೋಧಕರಿಗೂ ಇದೇ ತಲೆನೋವು. ಅದಕ್ಕೇ 1980ರಲ್ಲಿ ಅಮೆರಿಕದ ಕಿಸಿಲೆಫ್ ಮತ್ತು ಅವರ ಜೊತೆಗಾರರು ಊಟದ ಮೇಜಿನೊಳಗೇ ತಕ್ಕಡಿ ಅಡಗಿಸಿ, ಅದನ್ನು ಕಂಪ್ಯೂಟರಿಗೆ ಜೋಡಿಸಿದರು. ಉಣ್ಣುವವರಿಗೆ ಗೊತ್ತಾಗದ ಹಾಗೆ ತಟ್ಟೆಯ ತೂಕ ಇಳಿಯುವುದನ್ನು ಬರೆದುಕೊಂಡರು.

ನಾವೂ ತಟ್ಟೆಯ ಕೆಳಗೆ ತಕ್ಕಡಿ ಇಟ್ಟು ಬಟ್ಟೆ ಮುಚ್ಚಬಹುದಲ್ವಾ? ನಾನು ಮಾಡಿ ನೋಡಿದೆ, ಕೆಲಸಕ್ಕೆ ಬರಲಿಲ್ಲ. ನಾವು ಕೈಯಲ್ಲಿ ಅನ್ನ ಕಲಸುವವರು. ಕಲಸುವಾಗ ತಟ್ಟೆ ಒತ್ತಿ ಅಂಕಿ ಎಲ್ಲೆಲ್ಲಿಗೋ ಜಿಗಿಯುತ್ತದೆ. ಮನೆಯ ತಕ್ಕಡಿ ಸ್ವಲ್ಪ ಹೊತ್ತಿಗೆ ತಾನಾಗಿ ಆಫ್ ಬೇರೆ ಆಗುತ್ತದೆ. ಬಡಿಸುವ ಮೊದಲು ಮತ್ತು ಎದ್ದು ಹೋದ ಮೇಲೆ ಒಳಗೆ ತೂಗುವುದೇ ವಾಸಿ. ಗುಟ್ಟಿನಲ್ಲಿ ಬಡಿಸುವವರನ್ನು ಸೇರಿಸಿಕೊಳ್ಳಲೇಬೇಕು. ಉಂಡವರಿಗೆ ಆಮೇಲೆ ಹೇಳಿಬಿಡಿ.

ಹೆಜ್ಜೆ 2: ತೂಕ

ಖಾಲಿ ತಟ್ಟೆ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ, ಆಮೇಲೆ ಬಡಿಸಿ. ಮತ್ತೆ ಹಾಕಿಸಿಕೊಂಡಿದ್ದನ್ನೂ ತೂಗಿ ಬರೆಯಿರಿ. ಕೊನೆಗೆ ಉಳಿದದ್ದನ್ನು ಕಳೆಯಬೇಕು. ಕರಾವಳಿಯಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಮೀನಿನ ಮುಳ್ಳು, ನುಗ್ಗೆಯ ಸಿಪ್ಪೆ, ಪಕ್ಕಕ್ಕೆ ತಳ್ಳಿದ ಓಟೆಹುಳಿ, ಎಲ್ಲವೂ ತೂಗಲೇಬೇಕು.

ಭಾವನ ಒಂದು ಮಧ್ಯಾಹ್ನದ ಲೆಕ್ಕ ಹೀಗಿತ್ತು. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಪಲ್ಯ ಸೇರಿ 620 ಗ್ರಾಂ. ಎರಡನೇ ಸಲ 180 ಗ್ರಾಂ. ತಟ್ಟೆಯಲ್ಲಿ ಉಳಿದ ಮುಳ್ಳುಗಿಳ್ಳು 70 ಗ್ರಾಂ. ಹೊಟ್ಟೆಗೆ ಹೋದದ್ದು 730 ಗ್ರಾಂ.

ಹೆಜ್ಜೆ 3: ಹೊತ್ತು

ಮೊದಲ ತುತ್ತು ಬಾಯಿಗೆ ಹೋದಾಗ ಗಡಿಯಾರ ಒತ್ತಿ. ಕೊನೆಯ ತುತ್ತು ನುಂಗಿದಾಗ ನಿಲ್ಲಿಸಿ. ನಡುವೆ ಫೋನ್ ಬಂತು, ಹರಟೆ ಶುರುವಾಯ್ತು ಎಂದರೆ ಆ ನಿಮಿಷಗಳನ್ನು ಬೇರೆ ಬರೆದಿಡಿ. ಭಾವನಿಗೆ ಹಿಡಿದದ್ದು 11 ನಿಮಿಷ. 730ನ್ನು 11ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 66 ಗ್ರಾಂ. ಒಂದು ದಿನದ ಅಂಕಿ ನಂಬಬೇಡಿ. ಹಸಿವು, ಅವಸರ, ಇಷ್ಟದ ಮೀನು, ಎಲ್ಲವೂ ಅದನ್ನು ಬದಲಿಸುತ್ತವೆ. ಕಡಿಮೆಯೆಂದರೆ ಮೂರು ದಿನ ಅಳೆಯಿರಿ.

ಗ್ರಾಂ ಒಂದನ್ನೇ ನೋಡಿದರೂ ಮೋಸ ಹೋಗುತ್ತೀರಿ. 100 ಗ್ರಾಂ ಮಜ್ಜಿಗೆ ಒಂದು ಗುಟುಕಿನ ಮಾತು. 100 ಗ್ರಾಂ ಹೋಳಿಗೆ ಹಾಗಲ್ಲ. ಅದಕ್ಕೇ ಸಂಶೋಧಕರು ನಿಮಿಷಕ್ಕೆ ಎಷ್ಟು ಕ್ಯಾಲೊರಿ ಎಂದೂ ನೋಡುತ್ತಾರೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗಕ್ಕೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ನಾಲ್ಕು ವಾರ ಇಟ್ಟುಕೊಂಡು ಊಟ ಹಾಕಿತು. ಎರಡು ವಾರ ಕಾರ್ಖಾನೆಯಲ್ಲಿ ಹೆಚ್ಚು ಸಂಸ್ಕರಿಸಿದ ತಿಂಡಿ, ಎರಡು ವಾರ ಮನೆಯಡುಗೆಯಂಥ ಊಟ. ಎದುರಿಗಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಎಷ್ಟು ಬೇಕಾದರೂ ತಿನ್ನಿ ಎಂದಿದ್ದರು. ಕಾರ್ಖಾನೆ ತಿಂಡಿಯ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತಿನ್ನುವ ವೇಗವೂ ಜಾಸ್ತಿಯಿತ್ತು. ವೇಗ ಒಂದೇ ಕಾರಣ ಎಂದು ಇದರಿಂದ ಹೇಳಲಾಗದು. ಆದರೆ ಮೆತ್ತಗಿನ, ಅಗಿಯಬೇಕಿಲ್ಲದ ತಿಂಡಿ ಸರ್ರನೆ ಇಳಿಯುತ್ತದೆ ಎಂಬುದಕ್ಕೆ ಪ್ರಯೋಗವೇ ಬೇಡ, ಒಂದು ಪೊಟ್ಟಣ ಬಿಸ್ಕತ್ತು ಒಡೆದರೆ ಸಾಕು.

ಹೆಜ್ಜೆ 4: ಊಟ ಬದಲಿಸಿ

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಈ ಹೆಜ್ಜೆ. ಅದೇ ಭಾವನಿಗೆ ಇನ್ನೊಂದು ದಿನ ಏಡಿ ಬಡಿಸಿದೆವು. ಕಾಲು ಮುರಿ, ಚಿಪ್ಪು ಒಡೆ, ಚೀಪು, ಮಾಂಸ ಬಿಡಿಸು. ರೈಲಿನಂಥ ಮನುಷ್ಯ ಅರ್ಧ ತಾಸು ಕೂತರು. ತಟ್ಟೆಗೆ ಇನ್ನೆರಡು ಏಡಿ ಹಾಕಿದರೂ ವೇಗ ಒಂದಿಷ್ಟೂ ಹೆಚ್ಚಲಿಲ್ಲ.

ಇದನ್ನೇ ಕೆನಡಾದ ಹಾಲಿಂಗ್ ಎಂಬ ವಿಜ್ಞಾನಿ 1959ರಲ್ಲಿ ತೋರಿಸಿದ್ದರು. ಮೂರು ಅಡಿ ಚೌಕದ ಮೇಜಿನ ಮೇಲೆ ಉಪ್ಪುಕಾಗದದ ಬಿಲ್ಲೆಗಳು. ಸಹಾಯಕಿಯ ಕಣ್ಣಿಗೆ ಬಟ್ಟೆ. ಬೆರಳಿನಿಂದ ತಡಕಿ, ಸಿಕ್ಕಿದ ಬಿಲ್ಲೆಯನ್ನು ಎತ್ತಿ ಪಕ್ಕಕ್ಕಿಡಬೇಕು. ಬಿಲ್ಲೆಗಳು ಹೆಚ್ಚಿದಂತೆ ಎತ್ತುವ ವೇಗವೂ ಮೊದಮೊದಲು ಹೆಚ್ಚಿತು. ಆಮೇಲೆ ಏರಿಕೆ ತಗ್ಗುತ್ತ ಬಂತು. ಹುಡುಕಾಟ ತಪ್ಪಿದರೂ ಒಂದೊಂದನ್ನೂ ಎತ್ತಿಡುವ ಹೊತ್ತು ತಪ್ಪುವುದಿಲ್ಲವಲ್ಲ. ಕೀಟ ಹಿಡಿಯುವ ಪ್ರಾಣಿಗೂ ಇದೇ ಲೆಕ್ಕ, ಏಡಿ ತಿನ್ನುವ ಭಾವನಿಗೂ ಇದೇ. ಮಕ್ಕಳಿಗೆ ಕಣ್ಣುಕಟ್ಟಿ ಶೇಂಗಾ ಕಾಳು ಹರಡಿ ಆಡಿಸಿ. ಒಂದು ನಿಮಿಷಕ್ಕೆ ಎಷ್ಟು ಸಿಕ್ಕಿತು ಎಂದು ಬರೆದರೆ ಮಳೆಗಾಲದ ಒಂದು ಮಧ್ಯಾಹ್ನ ಸುಲಭವಾಗಿ ಕಳೆಯುತ್ತದೆ.

ಹೆಜ್ಜೆ 5: ಕೊಟ್ಟಿಗೆಗೆ ಹೋಗಿ

ದನದ ಲೆಕ್ಕಕ್ಕೆ ಘಟ್ಟ ಹತ್ತಿ ಶಿರಸಿ ಕಡೆಯ ಗೆಳೆಯನ ಮನೆಗೆ ಹೋದೆ. ‘ಎಂತಕ್ಕೆ ಮಾರಾಯ, ದನದ ಊಟಕ್ಕೂ ಸ್ಟಾಪ್‌ವಾಚಾ?’ ಎಂದು ನಕ್ಕ. ಸ್ಟಾಪ್‌ವಾಚಿಗಿಂತ ಟೇಪು ಮುಖ್ಯ.

ದನವನ್ನು ತೂಗಲು ತಕ್ಕಡಿ ಸಿಗದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಹಿಡಿಯಿರಿ. ಭುಜದ ಮೂಳೆಯಿಂದ ಪೃಷ್ಠದ ಮೂಳೆವರೆಗೆ ಉದ್ದ ಹಿಡಿಯಿರಿ. ಎರಡೂ ಇಂಚಿನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕಿಲೋ ಬರುತ್ತದೆ. ಅವನ ದನದ ಸುತ್ತಳತೆ 54, ಉದ್ದ 46. ಅಂದರೆ ಸುಮಾರು 203 ಕಿಲೋ.

ಅವತ್ತು ಹಾಕಿದ್ದು 22 ಕಿಲೋ ಹಸಿಹುಲ್ಲು, ಬಿಟ್ಟದ್ದು 4. ಜೊತೆಗೆ 2 ಕಿಲೋ ಒಣಹುಲ್ಲು ಪೂರ್ತಿ ತಿಂದಿತು. ಒಟ್ಟು 20 ಕಿಲೋ ಎಂದು ಬರೆದರೆ ತಪ್ಪು. ಹಸಿಹುಲ್ಲಿನಲ್ಲಿ ಬಹುಪಾಲು ನೀರೇ. ಅದಕ್ಕೇ ಒಣ ತೂಕ ಬೇಕು. 200 ಗ್ರಾಂ ಹುಲ್ಲು ಕೊಚ್ಚಿ ಒಣಗಿಸಿ, ಎರಡು ಸಲ ತೂಗಿದಾಗಲೂ ಒಂದೇ ಅಂಕಿ ಬರುವ ತನಕ. ಶಿರಸಿಯ ಮಳೆಗೆ ಬಿಸಿಲು ನೆಚ್ಚಿಕೊಳ್ಳಬೇಡಿ, ಒಲೆಯ ಮೇಲಿನ ಅಟ್ಟವೇ ಗತಿ. ನಮ್ಮ 200 ಗ್ರಾಂ 40 ಗ್ರಾಮಿಗೆ ಇಳಿಯಿತು. ಅಂದರೆ 18 ಕಿಲೋ ಹಸಿಹುಲ್ಲಿನ ಒಣ ತೂಕ 3.6 ಕಿಲೋ. ಒಣಹುಲ್ಲಿನಲ್ಲೂ ನೂರಕ್ಕೆ ಹತ್ತರಷ್ಟು ನೀರಿರುತ್ತದೆ, ಅದನ್ನು ಕಳೆದರೆ 1.8. ಕೂಡಿದರೆ 5.4 ಕಿಲೋ, ಮೈತೂಕದ ನೂರಕ್ಕೆ ಎರಡೂವರೆಗಿಂತ ತುಸು ಜಾಸ್ತಿ. ದನಗಳಿಗೆ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಮೂರು ಎನ್ನುತ್ತಾರೆ. ಗೆಳೆಯನ ದನ ಸರಿಯಾಗೇ ತಿನ್ನುತ್ತಿದೆ.

ಪುಟ್ಟ ಇಲಿಯ ಲೆಕ್ಕ ಇದಕ್ಕಿಂತ ದೊಡ್ಡದು. ಅದು ದಿನಕ್ಕೆ ಮೈತೂಕದ ನೂರಕ್ಕೆ ಹತ್ತು ಹದಿನೈದರಷ್ಟು ತಿನ್ನುತ್ತದೆ. ಮೈ ಚಿಕ್ಕದಾದಷ್ಟೂ ಕಿಲೋಗೆ ಸುಡುವ ಶಕ್ತಿ ಹೆಚ್ಚು ಎಂದು ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ 1932ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ.

ವೇಗ ಅಳೆಯುವಾಗ ಮೆಲುಕನ್ನು ಬೇರೆ ಬರೆಯಿರಿ. ದನ ಗಬಗಬ ನುಂಗಿ, ಆಮೇಲೆ ದಿನಕ್ಕೆ ಏಳೆಂಟು ತಾಸು ಮಲಗಿಕೊಂಡೋ ನಿಂತೋ ಮೆಲುಕು ಹಾಕುತ್ತದೆ. ಒಂದೊಂದು ಉಂಡೆಗೆ ಎಷ್ಟು ಸಲ ದವಡೆ ಆಡಿತು ಎಂದು ಎಣಿಸಿ. ನಾನು ಎಣಿಸಿದ್ದು 52, 55, 49.

ಕೊನೆಗೆ ಬಳಚು

ಅಘನಾಶಿನಿ, ಕಾಳಿ ನದಿಗಳ ಕಡೆಯವರಿಗೆ ಇನ್ನೊಂದು. ಬಳಚು ಎಂದರೆ ಎರಡು ಚಿಪ್ಪಿನೊಳಗಿದ್ದು ನೀರು ಸೋಸಿ ತಿನ್ನುವ ಜೀವಿ. ಎರಡು ಬಕೆಟ್ಟಿಗೆ ಒಂದೇ ಕಡೆಯ ಕದಡಿದ ಅಳಿವೆ ನೀರು ತುಂಬಿ, ಒಂದಕ್ಕೆ ಮಾತ್ರ ಹತ್ತು ಬಳಚು ಬಿಡಿ. ಬಾವಿ ನೀರು ಬೇಡ, ಬಾಯಿ ಮುಚ್ಚಿಕೊಂಡು ಕೂರುತ್ತವೆ. ಎರಡು ತಾಸಿನ ಮೇಲೆ, ಗಾಜಿನ ಲೋಟದ ತಳಕ್ಕೆ ಕಪ್ಪು ಗುರುತಿನ ಕಾಗದ ಇಟ್ಟು ಎರಡೂ ನೀರನ್ನು ಒಂದೊಂದಾಗಿ ಹೊಯ್ಯಿರಿ. ಎಷ್ಟು ಎತ್ತರಕ್ಕೆ ಗುರುತು ಮರೆಯಾಯ್ತು ಎಂದು ಸ್ಕೇಲಿನಲ್ಲಿ ಅಳೆಯಿರಿ. ಎತ್ತರ ಹೆಚ್ಚಿದಷ್ಟೂ ನೀರು ತಿಳಿ. ಬಳಚು ಇಲ್ಲದ ಬಕೆಟ್ ಸುಮ್ನೆ ಇಟ್ಟದ್ದಲ್ಲ. ಕೆಸರು ತಾನಾಗಿಯೂ ತಳಕ್ಕೆ ಕೂರುತ್ತದೆ, ಆ ಪಾಲನ್ನು ಬಳಚಿನ ಲೆಕ್ಕಕ್ಕೆ ಸೇರಿಸಬಾರದಲ್ವಾ?

ಆಮೇಲೆ ಬಳಚನ್ನು ಏನು ಮಾಡಬೇಕೆಂದು ಕಾರವಾರದವರಿಗೆ ಹೇಳಬೇಕಿಲ್ಲ. ಸಾರಿಗೆ ಹಾಕುವ ಮೊದಲು ತಿಳಿ ಉಪ್ಪುನೀರಿನಲ್ಲಿ ಕೆಲವು ತಾಸು ಬಿಡಿ, ಒಳಗಿನ ಮರಳು, ಕೆಸರು ಉಗುಳಲಿ.