ಹಲ್ಲಿನ ಇಂಪ್ಲಾಂಟ್ ಆದ ಮೇಲೆ ರಾತ್ರಿ ಹೆದರಿಕೆ ಬಂದರೆ

ಕಳೆದ ಜುಲೈನಲ್ಲಿ ಕೆಳದವಡೆಗೆ ಒಂದು ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ಎಲುಬಿಗೆ ಕೂರಿಸುವ ಟೈಟಾನಿಯಂ ಸ್ಕ್ರೂ, ಹಾಕಿಸಿಕೊಂಡೆ. ಕ್ಲಿನಿಕ್ ಇದ್ದದ್ದು ಮಡಿಕೇರಿಯಲ್ಲಿ, ನಮ್ಮ ಮನೆ ಸೋಮವಾರಪೇಟೆಯಿಂದ ಒಳಗೆ, ತೋಟದ ಮಧ್ಯೆ. ಆಪರೇಷನ್ ಸುಲಭವಾಗಿ ಮುಗಿಯಿತು. ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ. ಮೊದಲ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಶೀಟಿನ ಮೇಲೆ ಧೋ ಅಂತ ಮಳೆ. ಟಾರ್ಚ್ ಹಿಡಿದು ಕನ್ನಡಿ ನೋಡಿದರೆ ಎಂಜಲು ಗುಲಾಬಿ ಬಣ್ಣ. ರಕ್ತ ನಿಲ್ಲುತ್ತಲೇ ಇಲ್ಲ, ಸ್ಕ್ರೂ ಸಡಿಲ ಆಗಿದೆ ಅಂತ ಅಂದುಕೊಂಡು ಬೆಳಗಿನವರೆಗೂ ಕೂತೇ ಇದ್ದೆ.

ಬೆಳಿಗ್ಗೆ ಡಾಕ್ಟರ್ ಫೋನಿನಲ್ಲಿ ಹೇಳಿದರು: ಮೊದಲ ದಿನ ಎಂಜಲಿನಲ್ಲಿ ಸ್ವಲ್ಪ ರಕ್ತ ಬೆರೆಯುವುದು ಮಾಮೂಲು. ಈ ಮಾತು ಹಿಂದಿನ ದಿನವೇ ಗೊತ್ತಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ. ಅದಕ್ಕೇ ಹೇಳುತ್ತೇನೆ, ಆಪರೇಷನ್‌ಗೆ ಮೊದಲೇ ಡಾಕ್ಟರ್ ಎದುರು ಕೂತು ಯಾವುದು ಮಾಮೂಲು, ಯಾವುದಕ್ಕೆ ಫೋನ್ ಮಾಡಬೇಕು ಅಂತ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊಬೈಲ್‌ನಲ್ಲಿ ಅಲ್ಲ, ಹಾಳೆಯಲ್ಲೇ. ನಮ್ಮ ಮಳೆಗಾಲದಲ್ಲಿ ಚಾರ್ಜ್ ನಂಬುವ ಹಾಗಿಲ್ಲ.

ನನ್ನ ಹಾಳೆಯ ಎಡಗಡೆ ಮಾಮೂಲಿನವು. ಊತ ಎರಡನೇ, ಮೂರನೇ ದಿನ ಜಾಸ್ತಿ ಆಗಿ ಆಮೇಲೆ ಇಳಿಯುತ್ತದೆ. ನನ್ನನ್ನು ತುಂಬ ಹೆದರಿಸಿದ್ದು ಇದೇ, ದಿನ ಕಳೆದ ಹಾಗೆ ಕಡಿಮೆ ಆಗಬೇಕಿತ್ತಲ್ವಾ ಅಂತ. ಕೆನ್ನೆ ನೀಲಿಯಾಗಿ, ಹಳದಿಯಾಗಿ, ಕತ್ತಿನ ಕಡೆಗೆ ಇಳಿಯಬಹುದು. ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ. ಹೊಲಿಗೆಯ ದಾರದ ತುದಿ ನಾಲಿಗೆಗೆ ಚುಚ್ಚುತ್ತದೆ.

ಬಲಗಡೆ ಫೋನ್ ಮಾಡಬೇಕಾದವು. ಗಾಜ್ ಬಟ್ಟೆ ಒಂದು ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ. ಮೂರ್ನಾಲ್ಕು ದಿನದ ನಂತರ ನೋವು ಇಳಿಯದೆ ಏರಿದರೆ. ಜ್ವರ 100.4 ದಾಟಿದರೆ, ಕೀವು ಬಂದರೆ, ಇಂಪ್ಲಾಂಟ್ ಅಲುಗಾಡಿದರೆ. ಕೆಳತುಟಿ, ಗಲ್ಲದ ಜೋಮು ಮರುದಿನವೂ ಬಿಡದಿದ್ದರೆ ಅವತ್ತೇ ಹೇಳಬೇಕು, ಕೆಳದವಡೆಯಲ್ಲಿ ನರ ಹಾದು ಹೋಗುತ್ತದೆ. ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ ಫೋನ್‌ಗೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಈ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಭಯ ಬಂದಾಗಲೆಲ್ಲ ಹೋಗಿ ಓದುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಎಡಗಡೆಯೇ ಇರುತ್ತಿತ್ತು.

ಸ್ಕ್ರೂ ಕಳಚಿ ಬೀಳುತ್ತದೆ ಅನ್ನುವ ಹೆದರಿಕೆಗೆ ನನಗೆ ಮದ್ದಾಗಿದ್ದು ಅದರ ಕಥೆ. ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವವರು 1950ರ ದಶಕದಲ್ಲಿ ಮೊಲದ ಎಲುಬಿಗೆ ಟೈಟಾನಿಯಂ ಇಟ್ಟು ಅಧ್ಯಯನ ಮಾಡುತ್ತಿದ್ದರು. ಕೊನೆಗೆ ತೆಗೆಯಲು ನೋಡಿದರೆ ಅದು ಎಲುಬಿಗೆ ಅಂಟಿ ಹೋಗಿತ್ತು. 1965ರಲ್ಲಿ ಮೊದಲ ಸಲ ಮನುಷ್ಯನ ದವಡೆಗೆ ಹಾಕಿದರು. ನಮ್ಮ ಬಾಯಲ್ಲೂ ಮೂರರಿಂದ ಆರು ತಿಂಗಳು ಅದೇ ಕೆಲಸ ನಡೆಯುತ್ತದೆ. ನಾಲಿಗೆ ಒಂದು ಸಲ ತಾಗಿದ್ದಕ್ಕೆ ಅದು ಬೀಳುವುದಿಲ್ಲ. ಬೇಕೆಂದೇ ತಡಕುತ್ತಾ ಇರಬೇಡಿ, ಅಷ್ಟೇ.

ಕನ್ನಡಿ ದಿನಕ್ಕೆ ಎರಡೇ ಸಲ ನೋಡಿ. ನಾನು ಅಡಿಗೆಮನೆ ಕಿಟಕಿ ಹತ್ತಿರ, ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆಯುತ್ತಿದ್ದೆ. ಐದನೇ ದಿನದ ಫೋಟೋವನ್ನು ಮೂರನೇ ದಿನದ ಪಕ್ಕ ಇಟ್ಟು ನೋಡಿದಾಗ ಕೆನ್ನೆ ಇಳಿದಿದ್ದು ಕಣ್ಣಿಗೇ ಕಂಡಿತು.

ರಾತ್ರಿಗೆ ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೇ ತಗೊಳ್ಳಿ, ತಡೆಯಲಾರದಷ್ಟು ಆಗಲಿ ಅಂತ ಕಾಯಬೇಡಿ. ಎದೆ ಢವಢವ ಅಂದರೆ ಮೂಗಿನಲ್ಲೇ ಉಸಿರಾಟ: ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಸುಮ್ನೆ ಎಣಿಸಿದರೆ ನನ್ನ ಮನಸ್ಸು ನಿಲ್ಲುತ್ತಿರಲಿಲ್ಲ. ಹಾಸಿಗೆ ಪಕ್ಕ ಒಂದು ಬಟ್ಟಲಲ್ಲಿ ಇಪ್ಪತ್ತು ಒಣಗಿದ ಕಾಫಿ ಹಣ್ಣು ಇಟ್ಟುಕೊಂಡೆ. ಒಂದೊಂದು ಉಸಿರಿಗೆ ಒಂದೊಂದು ಈ ಕೈಯಿಂದ ಆ ಕೈಗೆ. ಕಿವಿ ಹತ್ತಿರ ಅಲುಗಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಕತ್ತಲಲ್ಲಿ ಆ ಸಣ್ಣ ಸದ್ದು ಕೇಳುತ್ತಾ ಇಪ್ಪತ್ತು ಮುಗಿಯುವಷ್ಟರಲ್ಲಿ ಭುಜ ಸಡಿಲ ಆಗುತ್ತಿತ್ತು.

ಕಾಫಿ ವಿಷಯ ಹೇಳಲೇಬೇಕು. ನಮ್ಮಲ್ಲಿ ದಿನಕ್ಕೆ ನಾಲ್ಕೈದು ಲೋಟ ಲೆಕ್ಕವೇ ಅಲ್ಲ. ಆದರೆ ಬಿಸಿ ಪಾನೀಯ ಗಾಯಕ್ಕೆ ಆಗದು, ಕಾಫಿ ಎದೆಬಡಿತವನ್ನೂ ಏರಿಸುತ್ತದೆ. ಪೂರ್ತಿ ಬಿಟ್ಟರೆ ತಲೆನೋವು. ಬೆಳಿಗ್ಗೆ ಒಂದು ಲೋಟ ಬೆಲ್ಲದ ಕಾಫಿ ಉಗುರುಬೆಚ್ಚಗೆ ಕುಡಿದೆ, ಮಧ್ಯಾಹ್ನದ ಮೇಲೆ ಇಲ್ಲ. ಎಲೆಅಡಿಕೆ, ಸಿಗರೇಟು ದೂರ ಇರಲಿ. ಜೋರಾಗಿ ಉಗಿಯಬೇಡಿ, ಸ್ಟ್ರಾದಲ್ಲಿ ಹೀರಬೇಡಿ, ಗಾಯದ ಮೇಲಿನ ಹೆಪ್ಪು ಕಿತ್ತು ಬರುತ್ತದೆ.

ಹೊಟ್ಟೆ ಖಾಲಿ ಇದ್ದರೆ ಕೈ ನಡುಗುತ್ತದೆ, ಅದನ್ನೂ ಭಯ ಅಂತಲೇ ಮನಸ್ಸು ತಿಳಿಯುತ್ತದೆ. ನಾದಿನಿ ಆರಿದ ನೂಪುಟ್ಟನ್ನು (ಅಕ್ಕಿ ಶ್ಯಾವಿಗೆ) ಹಾಲಿನಲ್ಲಿ ನೆನೆಸಿ ತಂದು, "ಅತ್ತಿಗೆ, ಎರಡೇ ತುತ್ತು ತಿನ್ನಿ" ಅಂತ ಎದುರು ಕೂರುತ್ತಿದ್ದಳು. ಗಂಜಿ, ಮೊಸರನ್ನ, ಅಂಬಲಿ ಎಲ್ಲವೂ ಆಗುತ್ತದೆ.

ಮೊದಲೆರಡು ದಿನ ಐಸ್ ಬೇಕು, ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಟ್ಟು, ಹದಿನೈದು ನಿಮಿಷ ಬಿಡುವುದು. ಕರೆಂಟ್ ಹೋಗುವ ಮೊದಲೇ ಥರ್ಮಾಸ್ ಫ್ಲಾಸ್ಕಿಗೆ ತುಂಬಿಡಿ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಜುಲೈ, ಆಗಸ್ಟ್ ಬಿಟ್ಟುಬಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಬಂದ್ ಆಗಿದ್ದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಫಿ ಕುಯ್ಲಿನ ಹೊತ್ತೂ ಬೇಡ, ಚೀಲ ಎತ್ತದೆ ಇರಲು ಆಗುವುದಿಲ್ಲ.

ಬೆಂಗಳೂರಿನಿಂದ ಮಗಳು ಸಂಜೆ ಫೋನ್ ಮಾಡಿ, "ಅಮ್ಮಾ, ನೋವು ಹತ್ತರಲ್ಲಿ ಎಷ್ಟು? ಭಯ ಎಷ್ಟು?" ಅಂತ ಬೇರೆ ಬೇರೆ ಕೇಳುತ್ತಿದ್ದಳು. ಮೂರನೇ ದಿನ ನೋವು ಮೂರು, ಭಯ ಎಂಟು ಅಂದೆ. ಬಾಯಿಂದ ಆ ಲೆಕ್ಕ ಹೊರಬಿದ್ದ ಮೇಲೆಯೇ ನನಗೂ ಗೊತ್ತಾಯಿತು, ಒದ್ದಾಡುತ್ತಿರುವುದು ದವಡೆ ಅಲ್ಲ ಅಂತ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಎರಡು ಲೆಕ್ಕ ಕೇಳಲಿ.

ಹೊಲಿಗೆ ಬಿಚ್ಚಿ, ಗಾಯ ಮಾಯುತ್ತಿದೆ ಅಂತ ಡಾಕ್ಟರ್ ಹೇಳಿದ ಮೇಲೂ ಭಯದ ಲೆಕ್ಕ ಇಳಿಯದಿದ್ದರೆ, ನಿದ್ದೆ ಬರದಿದ್ದರೆ, ಅದನ್ನೂ ಡಾಕ್ಟರ್‌ಗೆ ಹೇಳಿ. ನಿದ್ದೆ ಮಾತ್ರೆಯನ್ನು ನೀವಾಗಿಯೇ ತಗೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನೂ ಹಾಳೆಯ ಕೆಳಗೆ ದೊಡ್ಡದಾಗಿ ಬರೆದಿಡಿ.