ಭೋಸರಿಯ ನನ್ನ ವರ್ಕ್‌ಶಾಪಿನಲ್ಲಿ ಹುಡುಗರು ಉಳಿದುಕೊಂಡಿದ್ದು ಹೀಗೆ

ದೀಪಾವಳಿ ಬೋನಸ್ ಕೈಗೆ ಬಿದ್ದ ಮರುವಾರವೇ ಹುಡುಗರು ದೊಡ್ಡ ಕಾರ್ಖಾನೆಗಳಿರುವ ಚಾಕಣ್ ದಾರಿ ಹಿಡಿಯೋದು ಪುಣೆ ಹತ್ತಿರದ ನಮ್ಮ ಭೋಸರಿಯವರಿಗೆ ಗೊತ್ತಿದ್ದದ್ದೇ. ಮಷಿನ್ ಬಿಡಿಭಾಗ ಮಾಡುವ ನನ್ನ ಶಾಪಿನಲ್ಲಿ 14 ಜನ, ಅರ್ಧಕ್ಕರ್ಧ ವಿಜಯಪುರ, ಕಲಬುರಗಿ ಕಡೆಯವರು. ಒಂದು ವರ್ಷ 5 ಜನ ಬಿಟ್ಟರು. ಪಗಾರ ಏರಿಸಿದೆ. ಎರಡು ತಿಂಗಳು ನಗು, ಆಮೇಲೆ ಅದೇ ಜೋಲು ಮುಖ.

ಸರಿ, ನಿಮ್ಮ ಕೆಲಸ ನೀವೇ ಸ್ವಲ್ಪ ತಿದ್ದಿಕೊಳ್ಳಿ ಅಂದೆ. ಪಕ್ಕದ ಸಾಹುಕಾರರು ನಕ್ಕರು. "ಹೆಲ್ಪರ್ ಕೈಗೆ ಶಾಪ್ ಕೊಡ್ತೀರೇನ್ರೀ?"

ಮೊದಲ ಸಲ ಅವರೇ ಗೆದ್ದರು. ಗುರುವಾರದ ಸುಟ್ಟಿ ಮುಗಿಸಿ ಬಂದವರನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಹೇಳಿದ್ದೆ. ಎಲ್ಲರಿಗೂ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್ ಬೇಕು, ಡಿಬರ್ರಿಂಗ್ (ಪೀಸಿನ ಅಂಚಿನಲ್ಲಿ ಉಳಿದ ಲೋಹದ ಮುಳ್ಳು, ಅಂದರೆ ಬರ್, ಉಜ್ಜಿ ತೆಗೆಯೋದು) ಯಾರಿಗೂ ಬೇಡ. ಮೂರು ವಾರಕ್ಕೆ ಒಂದು ಬುಶ್ (ಕೊಳವೆಯಂಥ ಬಿಡಿಭಾಗ) ಲಾಟ್ ಇಡೀ ಗಿರಾಕಿಯಿಂದ ವಾಪಸ್. ಟೆಂಪೋ ಬಾಡಿಗೆ ಸೇರಿ 40 ಸಾವಿರದ ಹತ್ತಿರ ನೀರಿಗೆ ಬಿತ್ತು.

ಎರಡನೇ ಸಲ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ: ದಿನದಲ್ಲಿ ಯಾವ ಹೊತ್ತು ಹೋಗೋದೇ ಇಲ್ಲ? ಸೈಜ್, ಪೀಸ್ ಲೆಕ್ಕ, ಡೆಲಿವರಿ ತಾರೀಖು ಮುಟ್ಟಬಾರದು. ಮಿಕ್ಕಿದ್ದು ಅವರಿಷ್ಟ.

ಅಫಜಲಪುರದ ಕಾಕು ಎಂಟು ವರ್ಷದಿಂದ ಡಿಬರ್ರಿಂಗ್ ಟೇಬಲ್ಲಿನಲ್ಲೇ ಇದ್ದವರು. "ಈ ಪೀಸ್ ಎಲ್ಲಿ ಕೂಡತದೋ ನನಗ ಗೊತ್ತೇ ಇಲ್ಲ" ಅಂದರು. ಒಂದು ಹಳೇ ಪಂಪ್ ತಂದು ಬಿಚ್ಚಿ ತೋರಿಸಿದೆ. ಮರುದಿನ ಟೇಬಲ್ ಕಿಟಕಿ ಹತ್ತಿರ ಎಳೆಸಿಕೊಂಡರು, ತೂತಿನ ಅಳತೆ ನೋಡುವ ಪ್ಲಗ್ ಗೇಜ್ ಕೇಳಿದರು. ಬರ್ ದಪ್ಪ ಬಂತೆಂದರೆ ಮಷಿನ್ನಿನ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಅಲಗು, ಸವೆದಿದೆ ಅಂತ. ಬರ್ ದಪ್ಪ ಬರತೊಡಗಿತೋ, ಫೈಲ್ ಕೆಳಗಿಟ್ಟು ಮಷಿನ್ ಹತ್ತಿರ ಹೋಗಿ "ತಮ್ಮಾ, ನಿನ್ನ ಇನ್ಸರ್ಟ್ ಸತ್ತದ ನೋಡು" ಅನ್ನುತ್ತಾರೆ. ನೂರಕ್ಕೆ 4 ಇದ್ದ ರಿಜೆಕ್ಷನ್ ಈಗ 2ರ ಒಳಗೆ. ಇನ್‌ಸ್ಪೆಕ್ಷನ್‌ಗೆ ಇನ್ನೊಬ್ಬನನ್ನು ಇಡಬೇಕು ಅಂತಿದ್ದೆ, ಇಡಲಿಲ್ಲ.

ಆದರೆ ಒಂದು ತಪ್ಪು ಮಾಡಿದೆ. ಮಷಿನ್ ಹೊಂದಿಸಿಕೊಡುವ ಸೆಟ್ಟರ್ ಒಬ್ಬ ಹೊಸಬರಿಗೆ ಕಲಿಸುತ್ತೇನೆ ಅಂದ, ಚೆನ್ನಾಗಿಯೇ ಕಲಿಸಿದ. ನಾನು ಅದನ್ನು ಪುಕ್ಕಟೆ ಅಂದುಕೊಂಡೆ. ಆರು ತಿಂಗಳಿಗೆ "ಕೆಲಸ ಜಾಸ್ತಿ, ಪಗಾರ ಅಷ್ಟೇ" ಅಂತ ಬಿಟ್ಟು ಹೋದ. ಅವನು ಹೇಳಿದ್ದು ಸರಿಯೇ ಇತ್ತು. ಅಂದಿನಿಂದ ಕಾಕುವಿಗೆ ತಿಂಗಳಿಗೆ 1,500 ಜಾಸ್ತಿ.

ಚಹಾದ ಹೊತ್ತನ್ನೂ ಅವರವರಿಗೇ ಬಿಟ್ಟು ನೋಡಿದೆ. ಚಹಾದ ಹುಡುಗ ನಾಲ್ಕು ಸಲ ಬಂದ, ನಾಲ್ಕು ಸಲವೂ ಮಷಿನ್ ನಿಂತವು. ಎರಡೇ ದಿನಕ್ಕೆ ಸಾಕಾಯಿತು. ಗ್ರೈಂಡಿಂಗ್‌ನ ಅಜ್ಜ ಮಾತ್ರ "ನನ್ನದು ಹಿಂಗೇ ಇರಲಿ" ಅಂದರು. ಬಿಟ್ಟೆ. ಖುಷಿಯಾಗಿದ್ದಾರೆ.

ಹಿಂಜೆವಾಡಿಯಲ್ಲಿರುವ ಅಕ್ಕನ ಮಗ ಇದಕ್ಕೆ ಜಾಬ್ ಕ್ರಾಫ್ಟಿಂಗ್ ಅಂತಾರೆ ಮಾಮಾ, 2001ರಲ್ಲೇ ಅಮೆರಿಕದಲ್ಲಿ ಇಬ್ಬರು ಬರೆದಿದ್ದಾರೆ ಅಂದ. ಆಸ್ಪತ್ರೆ ಗುಡಿಸುವವರು ರೋಗಿಗಳನ್ನು ಮಾತಾಡಿಸೋದನ್ನೂ ತಮ್ಮ ಕೆಲಸಕ್ಕೆ ಸೇರಿಸಿಕೊಂಡಿದ್ದರಂತೆ. ನಮ್ಮ ಕಾಕು ಇನ್ಸರ್ಟ್ ಮಾತಾಡಿಸಿದರು, ಅಷ್ಟೇ.

ಯಾರಿಗೂ ಬೇಡವಾದ ಚಿಪ್ (ಕತ್ತರಿಸುವಾಗ ಬೀಳುವ ಲೋಹದ ಚೂರು) ಎತ್ತುವ ಕೆಲಸ ಹೇಗೆ ಹಂಚಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಪಕ್ಕದ ಸಾಹುಕಾರರೂ ಓದುತ್ತಾರೆ. ಕಳೆದ ದೀಪಾವಳಿ ಆದಮೇಲೆ ಅವರಲ್ಲಿ ಮೂವರು ಬಿಟ್ಟರು, ನನ್ನಲ್ಲಿ ಒಬ್ಬ. ಅವನೂ ಮದುವೆಗೆಂದು ಊರಿಗೆ ಹೋದವನು.