ಪಿಕಪ್‌ಗೆ ಟರ್ಬೋ ಬೇಕೋ, ಬೇಡವೋ? ಕೊಳ್ಳುವ ಮುಂಚೆ ಹೀಗೆ ನೋಡಿ

ನಮ್ಮ ಭಾವ ಮಂಗಳೂರಿನಿಂದ ಹಾಸನಕ್ಕೆ ಮೀನು ಸಾಗಿಸುತ್ತಾರೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿದರೆ ಅವರ ಹಳೇ ಗಾಡಿ ಎರಡನೇ ಗೇರು ಬಿಟ್ಟು ಮೇಲೇಳುತ್ತಿರಲಿಲ್ಲ. ಹಿಂದಿನವರ ಹಾರ್ನು ಕೇಳಿ ಕೇಳಿ ಸಾಕಾಗಿ ಟರ್ಬೋ ಇರುವ ಪಿಕಪ್ ತಗೊಂಡರು, ಸೆಕೆಂಡ್ ಹ್ಯಾಂಡ್. ಮೂರೇ ತಿಂಗಳಿಗೆ ಟರ್ಬೋ ಕೈಕೊಟ್ಟಿತು. ಹಾಗಂತ ಟರ್ಬೋ ಕೆಟ್ಟದ್ದಲ್ಲ. ಅವರು ನೋಡಿ ತಗೊಂಡಿರಲಿಲ್ಲ, ಅಷ್ಟೇ.

ಎರಡಕ್ಕೂ ಇರುವ ವ್ಯತ್ಯಾಸ ಉಸಿರಿನದ್ದು. ಟರ್ಬೋ ಇಲ್ಲದ ಇಂಜಿನ್, ಪಿಸ್ಟನ್ ಕೆಳಗಿಳಿದಾಗ ತಾನಾಗಿ ಎಷ್ಟು ಗಾಳಿ ಒಳಗೆ ಬರುತ್ತದೋ ಅಷ್ಟರಲ್ಲೇ ಸಂಸಾರ ಮಾಡುತ್ತದೆ. ಟರ್ಬೋ ಇದ್ದರೆ, ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಜಾಸ್ತಿಯಾದರೆ ಇಂಧನವನ್ನೂ ಜಾಸ್ತಿ ಉರಿಸಬಹುದು, ದಮ್ಮೂ ಜಾಸ್ತಿ.

ಮೊದಲು ರಸ್ತೆ ನೋಡಿ

ಗಾಡಿ ನೋಡುವ ಮೊದಲು ನೀವು ಓಡಾಡುವ ದಾರಿ, ಹೊರುವ ಲೋಡು ಬರೆದುಕೊಳ್ಳಿ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಟರ್ಬೋ ಇಲ್ಲದ ಗಾಡಿ ಮಂಗಳೂರಿನಿಂದ ಅಲ್ಲಿಗೆ ಬರುವಷ್ಟರಲ್ಲಿ ತನ್ನ ಶಕ್ತಿಯ ಹತ್ತರಲ್ಲೊಂದು ಪಾಲು ಕಳೆದುಕೊಂಡಿರುತ್ತದೆ. ಟರ್ಬೋ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಊರೊಳಗೆ ನೀರಿನ ಕ್ಯಾನು, ತರಕಾರಿ ಹಾಕುವವರಿಗೆ ಇದೆಲ್ಲ ತಲೆನೋವೇ ಅಲ್ಲ. ಅವರಿಗೆ ಟರ್ಬೋ ಇಲ್ಲದ್ದೇ ಸಾಕು. ಸಣ್ಣ ಪೆಟ್ರೋಲ್, ಸಿಎನ್‌ಜಿ ಗಾಡಿಗಳು ಬಹುತೇಕ ಹಾಗೇ ಇರುತ್ತವೆ.

ಆಮೇಲೆ ಕಾಗದ

ಶೋರೂಮಿನವರು ಹಾರ್ಸ್‌ಪವರ್ ಹೇಳುತ್ತಾರೆ. ನೀವು ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ ಎಷ್ಟು ಅಂತ ಕೇಳಿ. ಅದು ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಸಿಗುತ್ತದೆ ಅಂತಲೂ ಕೇಳಿ. ಮಾರುತಿ ಸೂಪರ್ ಕ್ಯಾರಿಯ 1.2 ಲೀಟರ್ ಪೆಟ್ರೋಲ್ ಇಂಜಿನ್‌ಗೆ ಟರ್ಬೋ ಇಲ್ಲ. ಶಕ್ತಿ 80 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರ್ ಇದ್ದಂತೆಯೇ) ಹತ್ತಿರ, ಟಾರ್ಕ್ 104 ನ್ಯೂಟನ್ ಮೀಟರ್, ಅದೂ 2900 ಆರ್‌ಪಿಎಂಗೆ. ಮಹೀಂದ್ರ ಬೊಲೆರೊ ಪಿಕಪ್‌ನ 2.5 ಲೀಟರ್ ಟರ್ಬೋ ಡೀಸೆಲ್‌ನ ಶಕ್ತಿ ಅದಕ್ಕಿಂತ ಸ್ವಲ್ಪ ಕಡಿಮೆಯೇ, ಆದರೆ ಟಾರ್ಕ್ 200ರ ಹತ್ತಿರ, 1400ರಿಂದಲೇ!

ಡೀಸೆಲ್ಲು, ದೊಡ್ಡ ಇಂಜಿನ್ನು, ಹೋಲಿಕೆ ಸರಿಯಲ್ಲ ಅಂತೀರಾ? ಸರಿ, ಅಮೆರಿಕದ ಫೋರ್ಡ್ ಎಫ್-150 ನೋಡೋಣ. 2021ರ ಮಾದರಿಯ ಪೆಟ್ರೋಲ್ ಇಂಜಿನ್ನುಗಳಲ್ಲಿ ಎರಡನ್ನು ತಗೊಳ್ಳಿ: ಟರ್ಬೋ ಇರುವ 3.5 ಲೀಟರ್ ವಿ6 (ಆರು ಸಿಲಿಂಡರಿನದು), ಇಲ್ಲದ 5 ಲೀಟರ್ ವಿ8 (ಎಂಟರದು). ಎರಡೂ 400 ಹಾರ್ಸ್‌ಪವರ್. ಆದರೆ ಸಣ್ಣ ವಿ6 ಕೊಡುವುದು 3100 ಆರ್‌ಪಿಎಂಗೆ 678 ನ್ಯೂಟನ್ ಮೀಟರ್, ದೊಡ್ಡ ವಿ8 ಕೊಡುವುದು 4250ಕ್ಕೆ 556. ಲೋಡು ಹೊತ್ತು ಏರು ಹತ್ತುವಾಗ ನೀವು 4250ರಲ್ಲಿ ಇರುವುದು ಅಪರೂಪ, ಅಲ್ವಾ?

ಲೋಡ್ ಹಾಕಿ ಓಡಿಸಿ

ಖಾಲಿ ಗಾಡಿಯ ಟೆಸ್ಟ್ ಡ್ರೈವ್ ಸುಮ್ನೆ ಡೀಸೆಲ್ ದಂಡ. ಹತ್ತು ಮೂಟೆ ಹಾಕಿಸಿ, ಒಂದು ಏರು ಹುಡುಕಿ. ಮೂರನೇ ಗೇರಿನಲ್ಲಿ 30ರ ವೇಗಕ್ಕೆ ಬಂದು, ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿ. ಟರ್ಬೋ ಗಾಡಿ ಒಂದು ಕ್ಷಣ ತಡವರಿಸಿ ಆಮೇಲೆ ತಳ್ಳುತ್ತದೆ. ಟರ್ಬೋ ಇಲ್ಲದ್ದು ಕೂಡಲೇ ಕೇಳುತ್ತದೆ, ಆದರೆ ಹೆಚ್ಚೇನೂ ಕೊಡುವುದಿಲ್ಲ. ಏರಿನಲ್ಲಿ ರಿವರ್ಸ್ ತೆಗೆಯುವಾಗ ಮಾತ್ರ ನನಗೆ ಟರ್ಬೋ ಇಲ್ಲದ್ದೇ ಇಷ್ಟ. ಕಾಲಿಗೆ ಸರಿಯಾಗಿ ಮಾತು ಕೇಳುತ್ತದೆ.

ಹಳೇ ಗಾಡಿಯಾದರೆ ಬೆರಳು ಹಾಕಿ

ಭಾವ ಬಿಟ್ಟ ಹೆಜ್ಜೆ ಇದು. ಇಂಜಿನ್ ಪೂರ್ತಿ ತಣ್ಣಗಿರಲಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಏರ್ ಫಿಲ್ಟರಿನಿಂದ ಟರ್ಬೋಗೆ ಹೋಗುವ ಪೈಪಿನ ಕ್ಲಿಪ್ ಸಡಿಲಿಸಿ ಕಳಚಿದರೆ ಒಳಗೆ ಸಣ್ಣ ಫ್ಯಾನಿನಂಥ ಚಕ್ರ ಕಾಣುತ್ತದೆ. ಬೆರಳಲ್ಲಿ ತಿರುಗಿಸಿ. ಸಲೀಸಾಗಿ ಸುತ್ತಬೇಕು, ಎಲ್ಲೂ ಉಜ್ಜಬಾರದು. ಅಡ್ಡಡ್ಡ ಅಲ್ಲಾಡಿಸಿದಾಗ ಕೂದಲೆಳೆಯಷ್ಟು ಆಟ ಇದ್ದರೆ ಪರವಾಗಿಲ್ಲ. ಮುಂದಕ್ಕೂ ಹಿಂದಕ್ಕೂ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬೇರಿಂಗು ಮುಗಿದಿದೆ. ರೆಕ್ಕೆಯ ಅಂಚು ಮುಕ್ಕಾಗಿದ್ದರೆ ಎಂದೋ ಧೂಳು, ಕಲ್ಲು ನುಂಗಿದೆ. ಪೈಪಿನೊಳಗೆ ತೆಳ್ಳಗೆ ಆಯಿಲ್ ಪಸೆ ಸಹಜ, ನಿಂತಿದ್ದರೆ ಸಹಜವಲ್ಲ. ಕೊನೆಗೆ ಪೈಪು ಹಾಕಿ ಗಾಡಿ ಸ್ಟಾರ್ಟ್ ಮಾಡಿ. ನೀಲಿ ಹೊಗೆ ಬಂದರೆ ಎಲ್ಲೋ ಆಯಿಲ್ ಉರಿಯುತ್ತಿದೆ.

ಸೈರನ್ನಿನಂತೆ ಕೂಗಿದರೂ ಹುಷಾರು. ಟರ್ಬೋ ಬದಲಿಸುವುದೆಂದರೆ ಹತ್ತಾರು ಸಾವಿರದ ಮಾತು. ಅನುಮಾನ ಬಂದರೆ ಅಷ್ಟನ್ನು ಗಾಡಿ ರೇಟಿನಲ್ಲೇ ಕಳೆಯಿರಿ.

ಕೊನೆಗೆ ಡ್ರೈವರ್

ನನ್ನ ಕೇಳಿದರೆ ಇದನ್ನೇ ಮೊದಲು ನೋಡಬೇಕು. ಟರ್ಬೋ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಆಯಿಲ್ ಪದರದ ಮೇಲೆ. ಘಾಟಿ ಹತ್ತಿ ಬಂದು ಗಕ್ಕನೆ ಆಫ್ ಮಾಡಿದರೆ ಆಯಿಲ್ ಹರಿವು ನಿಲ್ಲುತ್ತದೆ, ಬಿಸಿ ಅಲ್ಲೇ ಉಳಿಯುತ್ತದೆ. ನಿಂತ ಆಯಿಲ್ ಸುಟ್ಟು ಕರಿಯಾಗಿ ಅಂಟುತ್ತದೆ. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡುವ, ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಹಾಕಿಸುವ ಡ್ರೈವರ್ ಇದ್ದರೆ ಟರ್ಬೋ ತಗೊಳ್ಳಿ. ದಿನಕ್ಕೊಬ್ಬ ಡ್ರೈವರ್ ಬರುವ ಗಾಡಿಯಾದರೆ ಟರ್ಬೋ ಇಲ್ಲದ್ದೇ ಕ್ಷೇಮ.

ಈಗ ಸಕಲೇಶಪುರದ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರೂ ಭಾವ ಕೀಲಿ ಮುಟ್ಟುವುದಿಲ್ಲ. ಮೊದಲು ಅಕ್ಕನಿಗೆ ಫೋನ್ ಮಾಡಿ ಘಾಟಿ ಹತ್ತಿದೆ ಅಂತ ಹೇಳುತ್ತಾರೆ. ಆಫ್ ಮಾಡುವುದು ಆಮೇಲೆ.